ತುರಿಮಣೆಗೆ ಗಿಳಿ ಕೂರದ ವರ್ಷ

ದಸರಾ ರಜೆ ಬಂತೆಂದರೆ ನನ್ನ ಮೊಮ್ಮಗಳ ಸ್ಕೂಲಿನಿಂದ ಒಂದು ಚೀಟಿ ಬರುತ್ತದೆ. ಮನೆಮಂದಿಯೆಲ್ಲ ಸೇರಿ ಒಂದು ‘ಥ್ಯಾಂಕ್ಯೂ ಮರ’ ಮಾಡಿ ತರಬೇಕಂತೆ. ಚಾರ್ಟಿನ ಮೇಲೆ ಮರ, ಬಣ್ಣದ ಕಾಗದದ ಎಲೆ, ಒಂದೊಂದು ಎಲೆಯ ಮೇಲೂ ಯಾರಿಗೆ ಯಾಕೆ ಥ್ಯಾಂಕ್ಸ್ ಎಂದು ಬರೆದು ಅಂಟಿಸಬೇಕು. ಮೊದಲ ವರ್ಷ ನನ್ನ ಸೊಸೆ ಪರ್ಸು ಹಿಡಿದು ಸ್ಟೇಷನರಿ ಅಂಗಡಿಗೆ ಹೊರಟಳು. ನಾನು ಬಾಗಿಲಲ್ಲೇ ತಡೆದೆ. ಎಲೆಗೆ ದುಡ್ಡು ಕೊಡುವವರು ತುಮಕೂರಿನಂಥ ತೆಂಗಿನ ಸೀಮೆಯಲ್ಲಿ ಇರಬಾರದು. ಎಳನೀರು ಗಾಡಿಯ ಹತ್ತಿರ ಹೋಗಿ, ಒಂದು ಕುಡಿದು, ಎರಡನೆಯದಕ್ಕೆ ಕೈ ತೋರಿಸಿ, ‘ನಾಳೆ ಬರುವಾಗ ಒಂದು ಗರಿ ಹಾಕ್ಕೊಂಡು ಬಾಪ್ಪ’ ಎಂದರೆ ಇಲ್ಲವೆಂದವನನ್ನು ನಾನಿನ್ನೂ ಕಂಡಿಲ್ಲ. ಕೇಳುವುದಕ್ಕೂ ಹೊತ್ತುಗೊತ್ತು ಇದೆ, ಎರಡನೆಯ ಎಳನೀರು ಕೆತ್ತುತ್ತಿರುವಾಗಲೇ ಕೇಳಬೇಕು. ಹಾಗೆ ಬಂದ ಗರಿಯಲ್ಲಿ ಮನೆಯವರೆಲ್ಲ ಕೂತು, ಕಾಗದದ ಎಲೆಯ ಬದಲು ಗಿಳಿ ಮಾಡಿ ಮರಕ್ಕೆ ಕಟ್ಟಿದೆವು. ಟೀಚರು ಅವುಗಳ ಫೋಟೋ ತೆಗೆದು ಕ್ಲಾಸಿನ ಎಲ್ಲ ತಾಯಂದಿರ ವಾಟ್ಸಾಪಿಗೂ ಕಳಿಸಿದರಂತೆ.

ಮಾಡುವ ಬಗೆಯನ್ನು ಈಗಲೇ ಹೇಳಿಬಿಡುತ್ತೇನೆ. ಮರದ ಸುಳಿಗೆ ಮಾತ್ರ ಕೈ ಹಚ್ಚಬೇಡಿ, ಮರ ಸೊರಗುತ್ತದೆ. ತೀರ ಬಲಿತ ಗರಿಯೂ ಬೇಡ, ಮಡಿಸಿದ ಕಡೆ ಸೀಳುತ್ತದೆ. ಹಸಿರಾಗಲೋ ಬೇಡವೋ ಎಂದು ಯೋಚನೆ ಮಾಡುತ್ತಿರುವಂಥ ಎಳೆಯ ಗರಿ ಸರಿ. ಅದರ ಒಂದು ಎಲೆಯ ನಡುವಿನ ಕಡ್ಡಿ ಬಿಡಿಸಿದರೆ ಎರಡು ಪಟ್ಟಿ ಸಿಗುತ್ತವೆ. ಕಡ್ಡಿ ಎಸೆಯಬೇಡಿ, ಪೊರಕೆಗೆ ಆಗುತ್ತದೆ. ಒಂದು ಪಟ್ಟಿಯನ್ನು ಎಡಗೈಯ ಎರಡು ಬೆರಳಿಗೆ ಮೂರು ಸುತ್ತು ಸುತ್ತಿ, ಇನ್ನೊಂದನ್ನು ಆ ಸುತ್ತುಗಳ ನಡುವೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ ತೂರಿಸಿ, ತುದಿಗಳನ್ನು ನಿಧಾನಕ್ಕೆ ಎಳೆದರೆ ಚೌಕನೆಯ ಹೊಟ್ಟೆ ಕೂರುತ್ತದೆ. ಒಂದು ತುದಿ ಮಡಚಿದರೆ ಕೊಕ್ಕು. ಉಳಿದ ತುದಿಗಳನ್ನು ಉಗುರಿನಲ್ಲಿ ಸೀಳಿದರೆ ಬಾಲ. ಮೊದಲ ಎರಡು ಕೋಳಿಯ ಹಾಗೆ ಕಾಣುತ್ತವೆ, ಮೂರನೆಯದು ಗಿಳಿಯಾಗುತ್ತದೆ. ಐದು ವರ್ಷದ ಮಗುವಿಗೂ ಬರುವ ಕೆಲಸ. ಕಷ್ಟವಿರುವುದು ಅದನ್ನು ಎಲ್ಲಿ ಕಟ್ಟಬೇಕು ಎಂಬುದರಲ್ಲಿ. ಅದನ್ನು ನಾನು ಕಲಿತದ್ದು ಗುಬ್ಬಿಯ ನಮ್ಮ ಮನೆಯಲ್ಲಿ, ಒಂಬತ್ತು ವರ್ಷದವಳಿದ್ದಾಗ, ಕಲಿಯಬಾರದ ರೀತಿಯಲ್ಲಿ.

ಗುಬ್ಬಿಯ ಆ ಮನೆ ರೈಲಿನ ಡಬ್ಬಿಯ ಹಾಗೆ ಉದ್ದಕ್ಕೆ ಇತ್ತು. ಒಂದರ ಹಿಂದೆ ಒಂದು ಮೂರೇ ಕೋಣೆ. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆ ಅಪ್ಪನ ಟೈಲರ್ ಅಂಗಡಿ. ಅಲ್ಲಿ ಯಾವಾಗಲೂ ಮಿಷನ್ ಎಣ್ಣೆಯ ವಾಸನೆ, ನೆಲದ ತುಂಬ ಬಟ್ಟೆ ಚೂರು. ನಡುಮನೆಯಲ್ಲಿ ಅಜ್ಜಿಯ ಮಂಚ, ಅದರ ಕಾಲ ಬಳಿ ಅಮ್ಮ ಕೂತು ಊದುಬತ್ತಿ ಹೊಸೆಯುವ ಮಣೆ. ಅಮ್ಮನ ಅಂಗೈ ವರ್ಷವಿಡೀ ಕಪ್ಪು, ಮದುವೆ ಮನೆಗೆ ಹೋದರೂ ಸೆರಗಿನೊಳಗೆ ಮುಚ್ಚಿಕೊಂಡೇ ಕೂರುತ್ತಿದ್ದಳು. ಹಿಂದಿನ ಕೋಣೆ ಅಡುಗೆಮನೆ. ಅದು ಕೆಂಪತ್ತೆಯದು. ಕೆಂಪತ್ತೆ ಎಂದರೆ ಅಪ್ಪನ ಅಕ್ಕ. ಕುಣಿಗಲ್ಲಿಗೆ ಕೊಟ್ಟಿದ್ದರು, ಗಂಡ ಬೇಗ ತೀರಿಕೊಂಡ. ನಾನು ಹುಟ್ಟಿದಾಗ ಅಮ್ಮನ ಬಾಣಂತನಕ್ಕೆಂದು ಬಂದವಳು ಹಾಗೇ ಉಳಿದಳು. ಇರು ಎಂದು ಯಾರೂ ಕೇಳಿಕೊಂಡಿರಲಿಲ್ಲ, ಹೋಗು ಎಂದೂ ಯಾರೂ ಅಂದಿರಲಿಲ್ಲ. ಅಪ್ಪ ಮತ್ತು ನನ್ನ ತಮ್ಮ ಮಂಜ ಮೊದಲು ಊಟಕ್ಕೆ ಕೂರುತ್ತಿದ್ದರು. ಆಮೇಲೆ ಅಜ್ಜಿ, ನಾನು. ಆಮೇಲೆ ಅಮ್ಮ. ಎಲ್ಲರದೂ ಮುಗಿದ ಮೇಲೆ ಅತ್ತೆ ಒಲೆಯ ಪಕ್ಕ ತಟ್ಟೆ ಇಟ್ಟುಕೊಂಡು, ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದಳು. ಇದರಲ್ಲಿ ಏನಾದರೂ ಹೆಚ್ಚುಕಮ್ಮಿ ಇದೆ ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ನಮ್ಮ ಮನೆಯಲ್ಲಿ ಒಳ್ಳೆಯ ಮಾತು ಆಡುವ ಪದ್ಧತಿ ಇರಲಿಲ್ಲ. ಸಾರು ಚೆನ್ನಾಗಿದ್ದರೆ ಮಾತಾಡದೆ ಉಣ್ಣುವುದು, ಕೆಟ್ಟಿದ್ದರೆ ಮಾತಾಡಿ ಉಣ್ಣುವುದು. ಅದಕ್ಕೇ ಇರಬೇಕು, ಅಜ್ಜಿಯ ತವರಿನಿಂದ ಬಂದ ಈ ಗಿಳಿಯ ವಾಡಿಕೆಯನ್ನು ಎಲ್ಲರೂ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಆಯುಧ ಪೂಜೆಯ ದಿನ ಪ್ರತಿಯೊಬ್ಬರ ಕೆಲಸದ ಸಾಮಾನನ್ನೂ ತೊಳೆದು ನಡುಮನೆಯಲ್ಲಿ ಸಾಲಾಗಿ ಇಡಬೇಕು. ಅಪ್ಪನ ಮಿಷನ್ನನ್ನು ನಾಲ್ಕು ಜನ ಹಿಡಿದು ಒಳಗೆ ತರುತ್ತಿದ್ದರು. ಪಕ್ಕದಲ್ಲಿ ಕತ್ತರಿ, ಅಮ್ಮನ ಮಣೆ, ಅಜ್ಜಿ ಎಲೆಅಡಿಕೆ ಕುಟ್ಟುವ ಕುಟ್ಟಾಣಿ, ನನ್ನ ಮತ್ತು ಮಂಜನ ಸ್ಕೂಲ್ ಬ್ಯಾಗು, ಕೊನೆಯಲ್ಲಿ ಅತ್ತೆಯ ತುರಿಮಣೆ. ಒಬ್ಬರಿಗೆ ಒಂದೇ ಗಿಳಿ. ಅದನ್ನು ತನ್ನ ಸಾಮಾನಿಗೆ ಕಟ್ಟುವ ಹಾಗಿಲ್ಲ. ಈ ವರ್ಷ ಯಾರ ಕೈಯಿಂದ ತನಗೆ ಒಳ್ಳೆಯದಾಯಿತೋ ಅವರ ಸಾಮಾನಿಗೆ ಕಟ್ಟಬೇಕು. ಯಾಕೆ ಕಟ್ಟಿದೆ ಎಂದು ಹೇಳಬೇಕಾಗಿಲ್ಲ, ಯಾರೂ ಕೇಳುವಂತೆಯೂ ಇಲ್ಲ. ಗಿಳಿ ಕೂತ ಸಾಮಾನಿಗೆ ಮಾರನೆಯ ದಿನದವರೆಗೂ ರಜೆ, ಅದನ್ನು ಮುಟ್ಟುವ ಹಾಗಿಲ್ಲ. ಅತ್ತೆ ಮುಂಜಾನೆಯೇ ಎದ್ದು ಒಬ್ಬಟ್ಟಿಗೂ ಪಲ್ಯಕ್ಕೂ ಬೇಕಾದಷ್ಟು ಕಾಯಿ ತುರಿದಿಟ್ಟು, ತುರಿಮಣೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಸಾಲಿನ ಕೊನೆಯಲ್ಲಿ ತಂದಿಡುತ್ತಿದ್ದಳು. ವರ್ಷದಲ್ಲಿ ಅದಕ್ಕೆ ಸಿಗುತ್ತಿದ್ದ ರಜೆ ಅದೊಂದೇ ದಿನ. ಪ್ರತಿ ವರ್ಷವೂ ಅದಕ್ಕೆ ಗಿಳಿ ಕಟ್ಟುತ್ತಿದ್ದವಳು ಅಮ್ಮ.

ಆ ವರ್ಷದ ಹೊತ್ತಿಗೆ ನಮ್ಮ ಬೀದಿಯಲ್ಲೇ ಗಿಳಿ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಅಮ್ಮನ ಬೆರಳು ಊದುಬತ್ತಿ ಹೊಸೆದು ಮರಗಟ್ಟಿದ್ದವು, ಅಜ್ಜಿಗೆ ಕಣ್ಣು ಮಂಜು, ಅಪ್ಪನಿಗೆ ಹಬ್ಬದ ಬಟ್ಟೆ ಹೊಲಿದು ಕೊಡುವ ಗಡಿಬಿಡಿ. ಎಲ್ಲರೂ ‘ಜಯಾ, ನಂಗೊಂದು ಮಾಡ್ಕೊಡೇ’ ಎನ್ನುವವರೇ. ಬಿಟ್ಟಿ ಮಾಡಿಕೊಡುವ ಜಾತಿಯಲ್ಲ ನಾನು. ಅಪ್ಪನಿಂದ ಗುಂಡಿ, ಮಂಜನಿಂದ ಗೋಲಿ, ಅಜ್ಜಿಯಿಂದ ಒಂದು ಕಥೆ ಜಾಸ್ತಿ. ಅಷ್ಟು ಸಾಲದೆಂದು ಯಾರು ಎಲ್ಲಿ ಕಟ್ಟಬೇಕೆಂಬ ಸಲಹೆಯನ್ನೂ ಸೇರಿಸಿ ಕೊಡುತ್ತಿದ್ದೆ.

“ಮಂಜ, ಅಪ್ಪನ ಕತ್ತರಿಗೆ ಕಟ್ಟೋ. ನಿನ್ ಚಡ್ಡಿಗೆ ಎರಡು ಜೇಬು ಇಡ್ತಾರೆ.”

“ಹೋದ್ಸಲ ಕಟ್ಟಿದ್ದಕ್ಕೆ ಒಂದೂ ಇಡ್ಲಿಲ್ಲ ಕಣೇ.”

“ಹೋದ್ಸಲ ಬಾಲ ಗಿಡ್ಡ ಇತ್ತು. ಈ ಸಲ ಉದ್ದ ಬಿಟ್ಟಿದೀನಿ ನೋಡು.”

ಅಮ್ಮ ಎಂದಿನಂತೆ ತುರಿಮಣೆಗೆ ಕಟ್ಟಲು ಹೊರಟಾಗ ಅವಳನ್ನೂ ತಡೆದೆ. ನನಗಾಗ ಒಂದು ಹೊಸ ಲಂಗ ಬೇಕಿತ್ತು. ಅಪ್ಪ ಮಿಕ್ಕ ಬಟ್ಟೆಯಲ್ಲಿ ಹೊಲಿದುಕೊಡಬಹುದಿತ್ತು, ಆದರೆ ಅಪ್ಪನ ಮುಖದಲ್ಲಿ ನಗು ಕಂಡು ಬಹಳ ದಿನವಾಗಿತ್ತು. ಮಿಷನ್ನಿನ ಮೇಲೆ ಎರಡು ಗಿಳಿ ಕೂತರೆ ನಗಬಹುದೆಂದು ನನ್ನ ಲೆಕ್ಕಾಚಾರ.

“ಅಮ್ಮ, ಅಜ್ಜಿ ಕಟ್ಟಿದ್ದು ಒಂದೇ ಆಯ್ತು. ನೀನೂ ಮಿಷನ್ನಿಗೇ ಕಟ್ಟು.”

“ನಿಮ್ಮತ್ತೆಗ್ಯಾರು ಕಟ್ತಾರೆ ಮತ್ತೆ?”

“ನಾನ್ ಕಟ್ತೀನಿ ಬಿಡು.”

“ಮರೀಬೇಡ ಕಣೇ. ಮಾತಂದ್ರೆ ಮಾತು.”

“ಮರೀತೀನಾ? ನನ್ ಗಿಳಿ ಅತ್ತೆಗೇ.”

ಅಮ್ಮ ನಂಬಿದಳು. ನಾನೂ ಆ ಗಳಿಗೆಯಲ್ಲಿ ನಿಜವನ್ನೇ ಹೇಳಿದ್ದೆ. ಆಮೇಲೆ ಎದುರುಮನೆಯ ಶೈಲ ಬಂದಳು. ಅವಳಪ್ಪ ಮೇಷ್ಟ್ರು. ಅವರ ಸೈಕಲ್ಲಿಗೆ ಒಂದು ಗಿಳಿ ಬೇಕಿತ್ತು. ಗರಿ ಮುಗಿದಿತ್ತು, ನನ್ನ ಕೈಯಲ್ಲಿದ್ದದ್ದು ಆ ಒಂದೇ ಗಿಳಿ. ಶೈಲ ಮಾತಾಡದೆ ತಲೆಯಿಂದ ತನ್ನ ಕೆಂಪು ವೆಲ್ವೆಟ್ ಹೇರ್‌ಬ್ಯಾಂಡ್ ತೆಗೆದು ಮುಂದೆ ಹಿಡಿದಳು. ಅತ್ತೆ ತಾನೇ, ಮನೆಯವಳು, ಏನೂ ಅಂದುಕೊಳ್ಳುವುದಿಲ್ಲ ಎಂದುಕೊಂಡೆ. ಐವತ್ತು ವರ್ಷ ವ್ಯಾಪಾರ ಮಾಡಿದ ಮೇಲೆ ಹೇಳುತ್ತಿದ್ದೇನೆ, ಕೇಳಿ. ಅತಿ ಕೆಟ್ಟ ವ್ಯಾಪಾರಗಳೆಲ್ಲ ‘ಅವರು ಏನೂ ಅಂದುಕೊಳ್ಳುವುದಿಲ್ಲ’ ಎಂಬ ಮಾತಿನಿಂದಲೇ ಶುರುವಾಗುತ್ತವೆ.

ಮಂಗಳಾರತಿಯ ಹೊತ್ತಿಗೆ ಅಮ್ಮನೊಬ್ಬಳನ್ನು ಬಿಟ್ಟು ಎಲ್ಲರೂ ಸಾಲಿನ ಮುಂದೆ ನಿಂತೆವು. ಮಿಷನ್ನಿನ ಮೇಲೆ ಎರಡು ಗಿಳಿ, ಕತ್ತರಿಗೆ ಒಂದು. ಅಪ್ಪನ ಗಿಳಿ ಅಜ್ಜಿಯ ಕುಟ್ಟಾಣಿಗೆ ಕೂತಿತ್ತು. ನನ್ನ ಬ್ಯಾಗಿನ ಪಟ್ಟಿಯ ಮೇಲೆ ಒಂದು ವಕ್ರ ಗಿಳಿ ಇತ್ತು, ಕೊಕ್ಕು ಒಂದು ಕಡೆ, ಹೊಟ್ಟೆ ಒಂದು ಕಡೆ. ನಾನು ಮಾಡಿದ್ದಲ್ಲ. ಅತ್ತೆ ಯಾರನ್ನೂ ಕೇಳದೆ, ಒಲೆಯ ಮುಂದೆ ತಾನೇ ಕೂತು ಮಾಡಿದ್ದು. ತುರಿಮಣೆ ಬರಿದಾಗಿತ್ತು. ಅಮ್ಮ ಹೊರಗೆ ಪುರಿ ಹಂಚುವ ಗಡಿಬಿಡಿಯಲ್ಲಿದ್ದಳು. ಉಳಿದವರೆಲ್ಲ ತಮ್ಮ ತಮ್ಮ ಸಾಮಾನನ್ನು ನೋಡಿಕೊಳ್ಳುತ್ತಿದ್ದರು. ಅತ್ತೆ ಕರ್ಪೂರ ಆರುವವರೆಗೆ ಕೈಮುಗಿದು ನಿಂತಿದ್ದಳು. ಆಮೇಲೆ ಬಗ್ಗಿ ತುರಿಮಣೆಯನ್ನು ಎತ್ತಿಕೊಂಡಳು.

“ಪೂಜೆಗಿಟ್ಟಿದ್ದು ಯಾಕೇ ತೆಗೀತೀಯ?” ಎಂದಳು ಅಜ್ಜಿ.

“ಇದಕ್ಕೆ ಗಿಳಿ ಕೂತಿಲ್ಲ. ಅಂದ್ರೆ ಇದಕ್ಕೆ ರಜೆ ಇಲ್ಲ.”

ಗಟ್ಟಿಯಾಗಿಯೇ ಹೇಳಿದಳು. ಅಡುಗೆಮನೆಗೆ ಹೋಗಿ ಇನ್ನೊಂದು ಕಾಯಿ ಒಡೆದು ತುರಿಯಲು ಕೂತಳು. ಆ ದಿನ ಆ ಕಾಯಿ ಯಾವ ಅಡುಗೆಗೂ ಬೇಕಿರಲಿಲ್ಲ. ಕರಕರ ಸದ್ದು ಕೇಳುತ್ತಲೇ ನಾವು ಉಂಡೆವು. ಅಪ್ಪ ಒಳಗೆ ಮುಖ ಮಾಡಿ ‘ಅಕ್ಕ, ಇನ್ನೊಂದು ಒಬ್ಬಟ್ಟು’ ಎಂದರು. ಸದ್ದು ನಿಂತಿತು, ಒಬ್ಬಟ್ಟು ಬಂತು, ಸದ್ದು ಮತ್ತೆ ಶುರುವಾಯಿತು.

ಮಾರನೆಯ ಬೆಳಿಗ್ಗೆ ಅತ್ತೆ ಬಟ್ಟೆ ಚೀಲ ಹಿಡಿದು ನಡುಮನೆಗೆ ಬಂದಳು. ‘ಕುಣಿಗಲ್ಗೆ ಹೋಗ್ತೀನಿ’ ಎಂದಳು. ಅಲ್ಲಿ ಅವಳ ವಾರಗಿತ್ತಿ, ಅಂದರೆ ಗಂಡನ ಅಣ್ಣನ ಹೆಂಡತಿ ಗೌರಮ್ಮ ಇದ್ದಳು. ‘ಹೋಗ್ಬರ್ತೀನಿ ಅನ್ನೇ’ ಎಂದಳು ಅಜ್ಜಿ. ಅತ್ತೆ ಹಾಗೆ ಅನ್ನಲಿಲ್ಲ. ಅಪ್ಪ ಕೈಸೂಜಿಗೆ ದಾರ ಪೋಣಿಸುತ್ತಲೇ, ‘ಎರಡು ದಿನ ಇದ್ದು ಬರ್ತಾಳೆ ಬುಡು’ ಎಂದರು.

ಎರಡು ದಿನ ಹೋಯಿತು, ವಾರವೂ ಹೋಯಿತು. ಮನೆ ಎಂಬುದು ಯಾವುದರ ಮೇಲೆ ನಿಂತಿತ್ತು ಎಂದು ಆಗ ಗೊತ್ತಾಯಿತು. ಅಮ್ಮ ಒಲೆಯ ಮುಂದೆ ಕೂತರೆ ಊದುಬತ್ತಿ ನಿಲ್ಲುತ್ತಿತ್ತು, ಊದುಬತ್ತಿಗೆ ಕೂತರೆ ಸಾರು ಸೀಯುತ್ತಿತ್ತು. ಅಜ್ಜಿ ಮುದ್ದೆಯನ್ನು ಬೆರಳಲ್ಲಿ ಒತ್ತಿ ನೋಡಿ, ‘ಇದನ್ನ ಗೋಡೆಗೆ ಹೊಡದ್ರೆ ಗೋಡೆ ಬೀಳ್ತೈತೆ’ ಎಂದಳು. ‘ಹಂಗಾದ್ರೆ ನಿಮ್ಮಗಳ್ನೇ ಕರೆಸ್ಕೊಳ್ಳಿ’ ಎಂದು ಅಮ್ಮ ಸೌಟು ಕುಕ್ಕಿದಳು. ಅಪ್ಪ ಇಬ್ಬರ ಮೇಲೂ ರೇಗಿದರು. ಮಂಜ ಅತ್ತೆ ಬರುವವರೆಗೂ ಉಣ್ಣುವುದಿಲ್ಲ ಎಂದು ಹಟ ಹಿಡಿದು ಪಕ್ಕದ ಮನೆಯಲ್ಲಿ ಉಂಡು ಬರುತ್ತಿದ್ದ. ನನಗೆ ಮಾತ್ರ ಎಲ್ಲಕ್ಕೂ ಕಾರಣ ಗೊತ್ತಿತ್ತು. ಹೇರ್‌ಬ್ಯಾಂಡನ್ನು ಒಂದು ದಿನವೂ ತಲೆಗೆ ಹಾಕಿಕೊಳ್ಳಲಾಗಲಿಲ್ಲ. ರಾತ್ರಿ ಅತ್ತೆಯ ಪಕ್ಕ ಮಲಗುತ್ತಿದ್ದವಳು ನಾನೇ. ಬೆಳಿಗ್ಗೆ ಜಡೆ ಹಾಕುತ್ತಿದ್ದವಳು, ಜ್ವರ ಬಂದರೆ ಗಂಜಿ ಕುಡಿಸುತ್ತಿದ್ದವಳು ಅವಳೇ. ಅವಳು ಇನ್ನು ಬರುವುದೇ ಇಲ್ಲವೇನೋ ಎಂದು ಹೊಳೆದ ದಿನ ಅಮ್ಮನ ಮುಂದೆ ಎಲ್ಲವನ್ನೂ ಹೇಳಿದೆ. ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅಮ್ಮ ತನ್ನ ಕಪ್ಪು ಅಂಗೈಯನ್ನೇ ನೋಡಿಕೊಂಡಳು.

“ನಿನ್ನ ಮಾತು ನಂಬ್ಕೊಂಡು ನಾನೂ ತಿರುಗಿ ನೋಡ್ಲಿಲ್ವಲ್ಲೇ. ನಾಳೆ ನಿಮ್ಮಪ್ಪನ ಜೊತೆ ಕುಣಿಗಲ್ಗೆ ಹೋಗು. ನಿನ್ ಬಾಯಿ ಕೆಡಿಸಿದ್ದನ್ನ ನಿನ್ ಬಾಯೇ ಸರಿ ಮಾಡ್ಲಿ.”

ಗುಬ್ಬಿಯಿಂದ ತುಮಕೂರಿಗೆ ಒಂದು ಬಸ್ಸು, ಅಲ್ಲಿಂದ ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ಇನ್ನೊಂದು. ದಾರಿಯುದ್ದಕ್ಕೂ ನಾನು ಗಿಳಿ ಮಾಡಿದೆ. ಹೆಬ್ಬೂರು ದಾಟುವಷ್ಟರಲ್ಲಿ ಐದು ಆದವು. ಒಂದರ ಬದಲು ಐದು ಕೊಟ್ಟರೆ ಯಾರಾದರೂ ಒಪ್ಪುತ್ತಾರೆ ಎಂಬುದು ನನ್ನ ನಂಬಿಕೆ. ಅಪ್ಪನ ನಂಬಿಕೆ ಬೇರೆ ಇತ್ತು. ಅಕ್ಕ ಅಲ್ಲಿ ಯಾರದೋ ಮನೆಯ ಕೆಲಸ ಮಾಡಿಕೊಂಡು ಸೊರಗಿರುತ್ತಾಳೆ, ತಮ್ಮನನ್ನು ಕಂಡ ಕೂಡಲೇ ಚೀಲ ತೆಗೆದುಕೊಳ್ಳುತ್ತಾಳೆ ಎಂದುಕೊಂಡಿದ್ದರು. ‘ನೀನು ಜಾಸ್ತಿ ಮಾತಾಡ್ಬೇಡ, ನಾನ್ ನೋಡ್ಕೊತೀನಿ’ ಎಂದು ಬಸ್ಸಿಳಿಯುವಾಗ ನನಗೆ ಹೇಳಿದರು.

ಗೌರಮ್ಮನ ಮನೆಯ ಬಾಗಿಲು ತೆರೆದೇ ಇತ್ತು. ನಮ್ಮ ಅತ್ತೆ ಮಣೆಯ ಮೇಲೆ ಕೂತು ಅಕ್ಕಿರೊಟ್ಟಿ ತಿನ್ನುತ್ತಿದ್ದಳು. ಅವಳಿಗಿಂತ ಹತ್ತು ವರ್ಷಕ್ಕೆ ದೊಡ್ಡವಳಾದ ಗೌರಮ್ಮ ಒಲೆಯಿಂದ ಒಂದೊಂದೇ ರೊಟ್ಟಿ ತಂದು ತಟ್ಟೆಗೆ ಹಾಕುತ್ತಿದ್ದಳು. ರೊಟ್ಟಿಯಿಂದ ಹಬೆ ಏಳುತ್ತಿತ್ತು. ನಾನು ಆ ಹಬೆಯನ್ನೇ ನೋಡುತ್ತಾ ನಿಂತೆ. ಹುಟ್ಟಿದಾಗಿನಿಂದ ಆವತ್ತಿನವರೆಗೆ ನಮ್ಮತ್ತೆ ಬಿಸಿಬಿಸಿಯಾದದ್ದನ್ನು ತಿನ್ನುವುದು ನಾನು ನೋಡಿರಲಿಲ್ಲ.

“ಬಾಪ್ಪ ಟೈಲ್ರು,” ಎಂದಳು ಗೌರಮ್ಮ. “ಹಬ್ಬದ ಬಟ್ಟೆ ಎಲ್ಲಾ ಹೊಲಿದ್ಮ್ಯಾಲೆ ಅಕ್ಕನ ನೆಪ್ಪಾಯ್ತಾ?”

ಅಪ್ಪ ಆ ಮಾತನ್ನು ಕೇಳಿಸಿಕೊಳ್ಳದವರಂತೆ ಅತ್ತೆಯ ಎದುರು ಕೂತರು.

“ನಡಿಯಕ್ಕ, ಮನೆ ಬಿಕೋ ಅಂತೈತೆ. ಅಮ್ಮಂಗೆ ಮುದ್ದೆ ಸರೋಗ್ತಿಲ್ಲ. ಮಂಜ ಊಟ ಬಿಟ್ಟವ್ನೆ. ಇವಳಮ್ಮಂದು ಊದುಬತ್ತಿ ಕೆಲಸ ನಿಂತೋಗೈತೆ.”

“ಹಂಗಾದ್ರೆ ಒಬ್ಳು ಅಡುಗೆಯೋಳ್ನ ನೋಡ್ಕೊಳಪ್ಪ.”

ನಾನು ಮುಂದೆ ಬಂದು ಐದು ಗಿಳಿಗಳನ್ನು ಅತ್ತೆಯ ಮಣೆಯ ಪಕ್ಕ ಸಾಲಾಗಿ ಇಟ್ಟೆ.

“ಇದೇನೇ, ಇಲ್ಲೇ ಸಂತೆ ಹಾಕ್ಬಿಟ್ಟೆ?”

“ಅತ್ತೆ, ತಪ್ಪು ನಂದು. ಅಮ್ಮ ನಿನ್ ತುರಿಮಣೆಗೇ ಕಟ್ತೀನಿ ಅಂದ್ಲು. ನಾನ್ ಕಟ್ತೀನಿ ಅಂತ ಬಿಡಿಸ್ದೆ. ಆಮೇಲೆ ಆ ಗಿಳೀನ ಶೈಲಂಗೆ ಕೊಟ್ಟು ಹೇರ್‌ಬ್ಯಾಂಡ್ ಈಸ್ಕೊಂಡೆ.”

“ಎಲ್ಲೈತೆ ಅದು?”

“ಮನೇಲಿ.”

“ಹಾಕ್ಕೊಂಡ್ ಬರೋದಲ್ವಾ? ಹೆಂಗ್ ಕಾಣ್ತೀಯ ಅಂತ ನೋಡ್ತಿದ್ದೆ.”

ನನಗೆ ಅಳು ಬಂತು. ಅತ್ತೆ ರೊಟ್ಟಿಯ ಒಂದು ಚೂರು ಮುರಿದು ನನ್ನ ಬಾಯಿಗೆ ಇಟ್ಟಳು. ಆದರೆ ಮಾತು ಸಡಿಲಾಗಲಿಲ್ಲ.

“ನೀನು ಮಗು. ನೀನು ಕಟ್ಲಿಲ್ಲ ಅಂತ ಮನೆ ಬಿಟ್ಟು ಬರೋವಷ್ಟು ಪೆದ್ದಿ ಅಲ್ಲ ನಾನು. ರಜೆ ಇಲ್ಲ ಅಂತ ಬಾಯ್ಬಿಟ್ಟು ಹೇಳ್ದೆ. ಯಾಕೆ ಅಂತ ಒಬ್ರಾದ್ರೂ ಒಳಗೆ ಬಂದು ನೋಡಿದ್ರಾ? ನಿಮ್ಮಪ್ಪ ಇನ್ನೊಂದು ಒಬ್ಬಟ್ಟು ಅಂದ.”

ನನ್ನ ಐದು ಗಿಳಿಗಳು ಅಲ್ಲಿ ಕೂತು ಬಾಡುತ್ತಿದ್ದವು. ಎದುರಿನವರಿಗೆ ಬೇಕಿಲ್ಲದ ಸರಕನ್ನು ಒಂದರ ಬದಲು ಐದು ಕೊಟ್ಟರೆ ಅದು ಐದು ಪಟ್ಟು ಬೇಡವಾಗುತ್ತದೆ ಎಂಬುದು ಆ ಕ್ಷಣದಲ್ಲಿ ನನ್ನ ತಲೆಗೆ ಹೋಯಿತು. ಮುಂದೆ ತುಮಕೂರಿನಲ್ಲಿ ಬುಟ್ಟಿ ಹೊತ್ತು ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುತ್ತಾ ಮನೆಮನೆ ಸುತ್ತಿದಾಗ, ಆಮೇಲೆ ಸ್ವಂತ ಅಂಗಡಿ ಹಾಕಿದಾಗ, ನನ್ನ ಕೈ ಹಿಡಿದದ್ದು ಇದೊಂದೇ ತಿಳಿವಳಿಕೆ. ನಿಮ್ಮ ಹತ್ತಿರ ಏನಿದೆ ಎಂದು ಹೇಳಬೇಡಿ, ಅವರಿಗೆ ಏನು ಬೇಕು ಎಂದು ಕೇಳಿ.

“ಏನ್ ಮಾಡಿದ್ರೆ ಬರ್ತೀಯ ಅತ್ತೆ?”

ಅತ್ತೆ ಕೈ ತೊಳೆದು ಬಂದು ಕೂತಳು. ಅವಳಿಗೂ ಆ ಪ್ರಶ್ನೆ ಹೊಸದೇ ಇರಬೇಕು.

“ಭಾನುವಾರ ಭಾನುವಾರ ನನ್ನ ತುರಿಮಣೆಗೆ ರಜೆ. ಒಲೆ ಹತ್ರ ನಾನು ಬರಲ್ಲ. ಆವತ್ತು ಮೊದಲ್ನೇ ಪಂಕ್ತೀಲಿ ಕೂರ್ತೀನಿ. ನಿಮ್ಮಮ್ಮನ ತಲೆಗೆ ಕಟ್ಟೋ ಹಾಗಿಲ್ಲ, ಅವಳಿಗೂ ಕೈ ಸೋತೈತೆ. ಬೇಯ್ಸೋದು ಬಡಿಸೋದು ನೀನೂ ನಿಮ್ಮಪ್ಪನೂ.”

“ನಾನಾ?” ಎಂದರು ಅಪ್ಪ. “ಗಿರಾಕಿಗಳು ನೋಡಿದ್ರೆ ಏನಂತಾರಕ್ಕ?”

“ಭಾನುವಾರ ಅಂಗಡಿ ಮುಚ್ಚಿರ್ತೈತಲ್ಲ.”

“ತಿಂಗಳಿಗೊಂದ್ಸಲ ಮಾಡಾಣ.”

“ನೋಡು ಗೌರಕ್ಕ, ಚೌಕಾಸಿ ಮಾಡ್ತಾವ್ನೆ. ಐದು ಗಂಟೆಗೆ ಬಸ್ಸೈತೆ ಕಣಪ್ಪ, ಹೊರಡಿ.”

“ಹಂಗಲ್ಲಕ್ಕ. ಅಮ್ಮ ಒಪ್ಪಲ್ಲ.”

“ಒಪ್ಪಿಸ್ಕೊಂಡು ಒಂದು ಕಾಗದ ಹಾಕು. ಅಲ್ಲೀವರ್ಗೂ ನಂಗೇನೂ ಅರ್ಜೆಂಟಿಲ್ಲ.”

ಅತ್ತೆಯಿಲ್ಲದೆ ವಾಪಸ್ಸು ಬಂದೆವು. ಅಜ್ಜಿ ಎಂಥವಳೆಂದು ನಮಗಿಬ್ಬರಿಗೂ ಗೊತ್ತಿತ್ತು. ಅಪ್ಪ ತನ್ನ ತಟ್ಟೆ ತಾನು ಎತ್ತಲು ಹೋದರೂ ‘ಗಂಡ್ಸು ಎಂಜಲು ಮುಟ್ತಾನಾ’ ಎಂದು ಕಿರುಚುತ್ತಿದ್ದ ಹೆಂಗಸು. ಮನೆಗೆ ಬಂದು ಅಪ್ಪ ಅತ್ತೆಯ ಷರತ್ತುಗಳನ್ನು ಅರ್ಧ ನುಂಗಿ ಅರ್ಧ ಹೇಳಿದರು. ನುಂಗಿದ್ದನ್ನೆಲ್ಲ ನಾನು ಹೇಳಿದೆ. ಅಜ್ಜಿ ಕುಟ್ಟಾಣಿಯನ್ನು ಕೆಳಗಿಟ್ಟಳು. ಇನ್ನೇನು ಶುರುವಾಗುತ್ತದೆ ಎಂದು ಅಮ್ಮ ಬಾಗಿಲ ಕಡೆ ಸರಿದಳು.

“ನಿಮ್ಮಪ್ಪ ಇದ್ದಷ್ಟು ದಿನ ನಾನು ತಳ ಕೆರೆದಿದ್ದನ್ನೇ ಉಂಡೆ,” ಎಂದಳು ಅಜ್ಜಿ, ಅಪ್ಪನ ಕಡೆ ತಿರುಗಿ. “ಹೊಟ್ಟೆ ತುಂಬ್ತೇನೇ ಅಂತ ಒಂದಿನ ಕೇಳ್ಲಿಲ್ಲ ಪುಣ್ಯಾತ್ಮ. ಕೇಳ್ಬೋದು ಅಂತ ನಂಗೂ ಗೊತ್ತಿರ್ಲಿಲ್ಲ. ಈ ಕೆಂಪಿಗೆ ಎಲ್ಲಿಂದ ಬಂತೋ ಧೈರ್ಯ. ಬರೋಕೆ ಕಾಗದ ಬರಿ. ಆವತ್ತು ನನ್ ತಟ್ಟೇನೂ ಅವಳ ಪಕ್ಕದಲ್ಲೇ ಹಾಕು.”

ಕಾಗದ ಮಾರನೆಯ ಬೆಳಿಗ್ಗೆಯೇ ಹೋಯಿತು. ಮುಂದಿನ ಶನಿವಾರ ಸಂಜೆ ಅತ್ತೆ ಅದೇ ಚೀಲ ಹಿಡಿದು ಬಂದಳು. ಅವಳು ಕೈಕಾಲು ತೊಳೆದು, ತುರಿಮಣೆಯನ್ನು ಗೋಡೆಗೆ ಒರಗಿಸಿಟ್ಟು, ಅದರ ಮೇಲೆ ಒಂದು ಬಟ್ಟೆ ಮುಚ್ಚಿದಳು.

ಇಲ್ಲಿ ನಿಮಗೆ ಇನ್ನೊಂದು ಸಲಹೆ. ದಸರೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಗರಿಯಲ್ಲೋ ಕಾಗದದಲ್ಲೋ ಇಂಥದ್ದೇನಾದರೂ ಮಾಡುವುದಾದರೆ ಖಂಡಿತ ಮಾಡಿ, ಖರ್ಚಿಲ್ಲ, ರಜೆಯ ಒಂದು ಮಧ್ಯಾಹ್ನ ಚೆನ್ನಾಗಿ ಕಳೆಯುತ್ತದೆ. ಆದರೆ ಮಂಗಳಾರತಿಗೆ ಮೊದಲು ಒಬ್ಬರು ಎದ್ದು ಮನೆಯೆಲ್ಲ ಸುತ್ತಿ ಬರಬೇಕು. ಎಲ್ಲಿ ಗಿಳಿ ಕೂತಿದೆ ಎಂದು ನೋಡುವುದಕ್ಕಲ್ಲ, ಎಲ್ಲಿ ಕೂತಿಲ್ಲ ಎಂದು ನೋಡುವುದಕ್ಕೆ. ಒಬ್ಬರಿಗೆ ಒಂದೇ ಗಿಳಿ ಎಂಬ ನಿಯಮವನ್ನು ನಾನು ನಮ್ಮ ಮನೆಯಲ್ಲಿ ತೆಗೆದುಹಾಕಿದ್ದೇನೆ. ಈಗ ಆ ಸುತ್ತು ಹೊಡೆಯುವ ಕೆಲಸ ಮೊಮ್ಮಗಳದು. ಮಗನ ಲ್ಯಾಪ್‌ಟಾಪು, ಸೊಸೆಯ ಸ್ಕೂಟಿ ಇವಕ್ಕೆ ಯಾರಾದರೂ ಕಟ್ಟೇ ಕಟ್ಟುತ್ತಾರೆ. ಹೋದ ವರ್ಷ ಅವಳು ಹಿಂದಿನ ಬಾಗಿಲಿಗೆ ಹೋಗಿ, ಪಾತ್ರೆ ತೊಳೆಯಲು ಬರುವ ರತ್ನಮ್ಮನ ನಲ್ಲಿಗೆ ಗಿಳಿ ಇಲ್ಲ ಎಂದು ಕೂಗಿದಳು. ಕಟ್ಟಿದೆವು. ನಲ್ಲಿಗೆ ರಜೆ ಎಂದರೆ ರತ್ನಮ್ಮನಿಗೆ ರಜೆ. ಅವತ್ತಿನ ಪಾತ್ರೆಯನ್ನೆಲ್ಲ ತೊಳೆದವನು ನನ್ನ ಮಗ.

ಇನ್ನು ಆ ಭಾನುವಾರ. ಅಪ್ಪ ಅಂಗಡಿಯ ಬಾಗಿಲಿಗೆ ಅಗಳಿ ಹಾಕಿ, ಕಿಟಕಿಯನ್ನೂ ಮುಚ್ಚಿ, ಲುಂಗಿ ಎತ್ತಿ ಕಟ್ಟಿ ಒಲೆಯ ಮುಂದೆ ಕೂತರು. ತುರಿಮಣೆ ಮುಟ್ಟುವ ಹಾಗಿಲ್ಲದ್ದರಿಂದ ಕಾಯಿ ಹಾಕದ ಹುರುಳಿಕಾಳಿನ ಸಾರು ಎಂದು ನಾನೇ ತೀರ್ಮಾನಿಸಿದ್ದೆ. ಹೊಗೆಗೆ ಅಪ್ಪನ ಕಣ್ಣಲ್ಲಿ ನೀರು. ಬಟ್ಟೆ ಅಳೆಯುವ ಹಾಗೆ ಬೆರಳಿನಲ್ಲಿ ನೀರು ಅಳೆದರು. ನಾನು ಹಿಟ್ಟು ಸುರಿದೆ, ಅಪ್ಪ ಎರಡು ಕೈಯಲ್ಲೂ ಕೋಲು ಹಿಡಿದು ಮುದ್ದೆ ಗೊಟಾಯಿಸಿದರು. ನಡುಮನೆಯಿಂದ ಮೂರು ಹೆಂಗಸರ ನಗು ಕೇಳುತ್ತಿತ್ತು. ಅಮ್ಮ ಎರಡು ಸಲ ಒಳಗೆ ಬರಲು ನೋಡಿದಳು. ಎರಡು ಸಲವೂ ಅತ್ತೆ ‘ಕೂತ್ಕೊಳೇ’ ಎಂದಳು. ಕೊನೆಗೆ ಅತ್ತೆ, ಅಜ್ಜಿ, ಅಮ್ಮ ಮೂವರೂ ಸಾಲಾಗಿ ಕೂತರು. ನಾನು ತಟ್ಟೆ ಇಟ್ಟೆ, ಅಪ್ಪ ಮುದ್ದೆ ಹಾಕಿದರು. ಹಬೆಯಾಡುತ್ತಿತ್ತು. ಅತ್ತೆ ಒಂದು ತುತ್ತು ಮುರಿದಳು, ಒಳಗಿಂದ ಒಣಹಿಟ್ಟಿನ ಒಂದು ಗಂಟು ಬಂತು. ಅದನ್ನು ಬೆರಳಲ್ಲಿ ಎತ್ತಿ ತಟ್ಟೆಯ ಅಂಚಿಗಿಟ್ಟು, ಮಿಕ್ಕಿದ್ದನ್ನು ಸಾರಿನಲ್ಲಿ ಅದ್ದಿ ನುಂಗಿದಳು. ಇನ್ನೊಂದು ತುತ್ತು. ಇನ್ನೊಂದು. ಅಪ್ಪ ಸೌಟು ಹಿಡಿದು ಬಾಗಿಲ ಬಳಿ ನಿಂತೇ ಇದ್ದರು.

“ಸುಮ್ನೆ ನಿಂತ್ರೆ ಆಗಲ್ಲ ಕಣಪ್ಪ,” ಎಂದಳು ಅತ್ತೆ, ತಲೆ ಎತ್ತದೆ. “ಬಡಿಸೋರು ಕೇಳ್ಬೇಕು.”

“ಏನ್ ಕೇಳ್ಬೇಕು?”

“ಇಷ್ಟು ವರ್ಷ ನಾನೇನ್ ಕೇಳ್ತಿದ್ದೆ ನಿನ್ನ?”

ಅಪ್ಪನಿಗೆ ನೆನಪಾಗಲು ಹೊತ್ತು ಹಿಡಿಯಿತು. ಅವರು ಸೌಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು.

“ಇನ್ನೇನ್ ಬೇಕಕ್ಕ?”

ಅತ್ತೆ ಎದುರಿಗಿದ್ದ ತಟ್ಟೆಯನ್ನು ನೋಡಿದಳು, ತಮ್ಮನನ್ನು ನೋಡಿದಳು, ಮತ್ತೆ ತಟ್ಟೆಯನ್ನು ನೋಡಿದಳು.

“ಸಾರು ಹಾಕು,” ಎಂದಳು. “ಉಪ್ಪು ಸಾಲ್ದು. ಆದ್ರೂ ಹಾಕು.”